ಮಾವನ ಫೋನಿನಲ್ಲಿ ಮಾತ್ರ ಕಾಲು ಕಳೆದುಕೊಂಡ ಸುಬ್ರಹ್ಮಣ್ಯ

ನನ್ನ ಸೋದರಮಾವ ಒಂದು ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಹೆಚ್ಚುಕಡಿಮೆ ದಿನಕ್ಕೊಂದು ಊರು. "ಇವತ್ತು ಆಟ ಎಲ್ಲಿ?" ಎಂಬ ಫೋನುಗಳಿಗೆ ಉತ್ತರ ಕೊಟ್ಟು ಸಾಕಾಗಿ, ಒಂದು ವೆಬ್ ಪುಟ ಮಾಡಿಕೊಡು ಎಂದರು. ಆರು ತಿಂಗಳ ಪಟ್ಟಿಯನ್ನು ಪೂರ್ತಿ ಹರವಿದರೆ ನೋಡುವವರ ಬೆರಳು ಸವೆಯುತ್ತದೆ. ತಾರೀಕು, ಊರು ಮಾತ್ರ ಮೇಲೆ ಕಾಣಲಿ. ಒತ್ತಿದರೆ ಪ್ರಸಂಗ, ಹೊತ್ತು, ಹೋಗುವ ದಾರಿ ಇರುವ ಪ್ಯಾನೆಲ್ ಮೆಲ್ಲಗೆ ಕೆಳಕ್ಕೆ ಜಾರಿ ತೆರೆಯಲಿ ಎಂದುಕೊಂಡೆ. ಒಂದು ಸಂಜೆಯ ಕೆಲಸ ಅನ್ನಿಸಿತ್ತು.

ಹಿಂದೆ ಇದು ನಿಜಕ್ಕೂ ಒಂದೇ ಸಾಲಿನ ಕೆಲಸ. ಜೆಕ್ವೆರಿ ಎಂಬ ಸಿದ್ಧ ಕೋಡಿನ ಲೈಬ್ರರಿಯ ಸ್ಲೈಡ್‌ಟಾಗಲ್ ಆಜ್ಞೆ ಬರೆದರೆ 400 ಮಿಲಿಸೆಕೆಂಡಿನಲ್ಲಿ ತೆರೆದುಕೊಳ್ಳುತ್ತಿತ್ತು, ಎತ್ತರ ಅಳೆಯುವ ತಲೆನೋವು ಅದರದ್ದು. ಇಷ್ಟು ಸಣ್ಣ ಪುಟಕ್ಕೆ ಆ ಲೈಬ್ರರಿ ಯಾಕೆ, ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲೇ ಮುಗಿಸೋಣ ಎಂದು ಹೊರಟೆ. ಹೈಟ್ (ಎತ್ತರ) 0 ಇದ್ದದ್ದನ್ನು ಆಟೋ, ಅಂದರೆ ಒಳಗಿನ ವಿಷಯದಷ್ಟು, ಮಾಡಿದೆ, ಬದಲಾವಣೆ ಮೆಲ್ಲಗೆ ಆಗಲಿ ಎಂದು ಟ್ರಾನ್ಸಿಶನ್ ಹಾಕಿದೆ. ಪ್ಯಾನೆಲ್ ಜಾರಲಿಲ್ಲ, ಫಕ್ಕನೆ ತೆರೆದುಕೊಂಡಿತು. 0 ಒಂದು ಸಂಖ್ಯೆ, ಆಟೋ ಒಂದು ಪದ. ಇವೆರಡರ ನಡುವಿನ ಹಂತಗಳನ್ನು ಬ್ರೌಸರ್ ತಾನಾಗಿ ಲೆಕ್ಕ ಹಾಕುವುದಿಲ್ಲ.

ಎಲ್ಲರೂ ಮಾಡುವ ಹಾಗೆ, ಎತ್ತರಕ್ಕೆ ಮಿತಿ ಹಾಕುವ ಮ್ಯಾಕ್ಸ್-ಹೈಟ್‌ಗೆ ಹೋದೆ. 0ಯಿಂದ 1000 ಪಿಕ್ಸೆಲ್, 300 ಮಿಲಿಸೆಕೆಂಡ್, ಒಂದೇ ವೇಗ. ಆದರೆ ಒಳಗಿದ್ದ ವಿಷಯದ ಎತ್ತರ 180 ಪಿಕ್ಸೆಲ್ ಅಷ್ಟೇ. ತೆರೆಯುವುದು 54 ಮಿಲಿಸೆಕೆಂಡಿನಲ್ಲೇ ಮುಗಿಯುತ್ತಿತ್ತು. ಮುಚ್ಚುವಾಗ 1000ದಿಂದ 180ಕ್ಕೆ ಇಳಿಯುವ 246 ಮಿಲಿಸೆಕೆಂಡ್ ಕಣ್ಣಿಗೆ ಏನೂ ಕಾಣದೆ, ಒತ್ತಿದ್ದು ತಾಗಲಿಲ್ಲವೇನೋ ಎಂದು ಜನ ಇನ್ನೊಮ್ಮೆ ಒತ್ತುತ್ತಾರೆ. ಈ ಉಪಾಯ ಇನ್ನೂ ಚಾಲ್ತಿಯಲ್ಲಿರುವುದೇ ನನಗೆ ಆಶ್ಚರ್ಯ.

ಕೊನೆಗೆ ಜಾವಾಸ್ಕ್ರಿಪ್ಟ್. ಒಳಗಿನ ವಿಷಯದ ಪೂರ್ತಿ ಎತ್ತರ ಹೇಳುವ ಸ್ಕ್ರೋಲ್‌ಹೈಟ್ ಓದು, ಅಷ್ಟೇ ಪಿಕ್ಸೆಲ್ ಎತ್ತರ ಕೊಡು, ಜಾರಿದ್ದು ಮುಗಿಯಿತು ಎನ್ನುವ ಟ್ರಾನ್ಸಿಶನ್‌ಎಂಡ್ ಸೂಚನೆ ಬಂದ ಕೂಡಲೇ ಎತ್ತರವನ್ನು ಮತ್ತೆ ಆಟೋ ಮಾಡು. ಮುಚ್ಚುವಾಗ ತಿರುಗಾಮುರುಗಾ: ಆಟೋದಿಂದ ಪಿಕ್ಸೆಲ್ಲಿಗೆ ತಂದು, ಆ ಹೊತ್ತಿನ ಎತ್ತರ ಹೇಳುವ ಆಫ್‌ಸೆಟ್‌ಹೈಟ್ ಒಮ್ಮೆ ಓದಿ ಬ್ರೌಸರಿಗೆ ಅದು ಮನದಟ್ಟಾದ ಮೇಲೆ 0 ಮಾಡಬೇಕು. ಆ ಓದು ಬಿಟ್ಟರೆ ಎರಡೂ ಬದಲಾವಣೆ ಒಟ್ಟಿಗೇ ನಡೆದು ಅನಿಮೇಶನ್ ಮಾಯ. ಚಲನೆ ಕಂಡರೆ ತಲೆ ಸುತ್ತುವವರಿಗಾಗಿ ಪ್ರಿಫರ್ಸ್-ರಿಡ್ಯೂಸ್ಡ್-ಮೋಶನ್ (ಚಲನೆ ಕಡಿಮೆ ಮಾಡು ಎಂಬ ಆಯ್ಕೆ) ಇದ್ದಾಗ ಟ್ರಾನ್ಸಿಶನ್ ಬೇಡ ಎಂಬ ನಿಯಮವನ್ನೂ ಬರೆದು, ಕರ್ತವ್ಯ ಮುಗಿಸಿದ ನೆಮ್ಮದಿಯಲ್ಲಿ ಪುಟವನ್ನು ಮಾವನಿಗೆ ಕಳಿಸಿದೆ.

ಬೆಳಗ್ಗೆ ಫೋನ್ ಬಂತು. "ಎಂತ ಮಾರಾಯ ಇದು, ಸುಬ್ರಹ್ಮಣ್ಯದ ಕಾಲೇ ಕಡಿದಿದ್ದೀಯಲ್ಲ!"

ಸ್ಕ್ರೀನ್‌ಶಾಟ್ ನೋಡಿದೆ. ಪ್ಯಾನೆಲಿನ ಕೊನೆಯ ಸಾಲು 'ಸುಬ್ರಹ್ಮಣ್ಯ ರಸ್ತೆಯಿಂದ ಎಡಕ್ಕೆ' ಎಂದಿರಬೇಕಿತ್ತು. ಒತ್ತಕ್ಷರಗಳೆಲ್ಲ ಕತ್ತರಿಸಿಹೋಗಿ 'ಸುಬಹಣ' ಎಂದು ಓದುವ ಹಾಗಿತ್ತು. ಇಂಗ್ಲಿಷ್‌ನಲ್ಲಾದರೆ ಕೊನೆಯ ಸಾಲಿನ ಅಡಿ ಏಳೆಂಟು ಪಿಕ್ಸೆಲ್ ಹೋದರೂ ಹೇಗೋ ಓದಬಹುದು. ನಮ್ಮಲ್ಲಿ ಅಡಿಯಲ್ಲೇ ಅರ್ಧ ಅಕ್ಷರ ಇರುತ್ತದೆ.

ನನ್ನ ಫೋನಿನಲ್ಲಿ ಎಲ್ಲ ಸರಿಯಾಗಿತ್ತು. ಎರಡು ದಿನ ಲೈನ್-ಹೈಟ್ (ಸಾಲಿನ ಎತ್ತರ), ಪ್ಯಾಡಿಂಗ್ (ಒಳಅಂಚಿನ ಖಾಲಿ ಜಾಗ) ಎಂದು ಕಂಡಕಂಡಲ್ಲಿ ಕೆದಕಿದೆ. ಆ ಭಾನುವಾರ ಮಾವನ ಮನೆಗೇ ಹೋಗಿ ಅವರ ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಾಗ ಗುಟ್ಟು ಗೊತ್ತಾಯಿತು. ಅಲ್ಲಿ ನೆಟ್‌ವರ್ಕ್ ನಿಧಾನ. ಒತ್ತಕ್ಷರಗಳ ಆಕೃತಿಗಳನ್ನೆಲ್ಲ ಹೊತ್ತ ಕನ್ನಡ ಫಾಂಟ್ ಕಡತ ಸಣ್ಣದಲ್ಲ. ಅದು ಬರುವ ಮೊದಲೇ ಮಾವ ಒತ್ತಿದ್ದರಿಂದ ನನ್ನ ಸ್ಕ್ರಿಪ್ಟ್ ಅಳೆದದ್ದು ಫೋನಿನ ಸ್ವಂತ ಫಾಂಟಿನ ಎತ್ತರವನ್ನು. ಆಮೇಲೆ ಬಂದ ಫಾಂಟಿಗೆ ಸಾಲಿನ ಎತ್ತರ ಜಾಸ್ತಿ. ಹಾಗಿದ್ದರೂ ಟ್ರಾನ್ಸಿಶನ್‌ಎಂಡ್ ಬಂದಿದ್ದರೆ ಎತ್ತರ ಆಟೋ ಆಗಿ ಎಲ್ಲ ಸರಿಹೋಗುತ್ತಿತ್ತು. ಬರಲಿಲ್ಲ, ಏಕೆಂದರೆ ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನಿಮೇಶನ್ ತೆಗೆದುಹಾಕುವ ಆಯ್ಕೆ ಆನ್ ಆಗಿತ್ತು. ನಾನು ಉಪಕಾರಕ್ಕೆಂದು ಬರೆದ ಆ ನಿಯಮ ಟ್ರಾನ್ಸಿಶನ್ನನ್ನೇ ತೆಗೆದಿತ್ತು. ಶುರುವಾಗದ ಟ್ರಾನ್ಸಿಶನ್ ಮುಗಿಯುವುದಾದರೂ ಹೇಗೆ? ಎತ್ತರ ಹಳೆಯ ಅಳತೆಯಲ್ಲೇ ಬೀಗ ಹಾಕಿಕೊಂಡು ಕೂತಿತ್ತು.

ಅಳೆಯುವ ಕೆಲಸವೇ ಬೇಡ ಎಂದು ಆ ಸ್ಕ್ರಿಪ್ಟನ್ನು ಅಳಿಸಿದೆ. ಈಗಿರುವುದು ಪುಟವನ್ನು ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್. ಹೊರಗಿನ ಡಿವ್‌ಗೆ (ಡಿವ್ ಎಂದರೆ ಪುಟದೊಳಗಿನ ಒಂದು ಚೌಕಟ್ಟು) ಡಿಸ್‌ಪ್ಲೇ ಗ್ರಿಡ್, ಸಾಲಿನ ಎತ್ತರ ಹೇಳುವ ಗ್ರಿಡ್-ಟೆಂಪ್ಲೇಟ್-ರೋಸ್ 0ಎಫ್‌ಆರ್ (ಎಫ್‌ಆರ್ ಎಂದರೆ ಜಾಗದ ಪಾಲು), ತೆರೆದಾಗ 1ಎಫ್‌ಆರ್. ಎರಡೂ ಸಂಖ್ಯೆಗಳೇ ಆದ್ದರಿಂದ ನಡುವಿನ ಹಂತಗಳನ್ನು ಬ್ರೌಸರ್ ತಾನೇ ತುಂಬುತ್ತದೆ. ಕ್ರೋಮ್‌ನಲ್ಲಿ ಇದು 2022ರ 107ನೇ ಆವೃತ್ತಿಯಿಂದ ಇದೆ. ಹಳೆಯದರಲ್ಲಿ ಜಾರದೆ ನೇರ ತೆರೆದುಕೊಳ್ಳುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ. ಒಳಗಿನ ಡಿವ್‌ಗೆ ಮಿನ್-ಹೈಟ್ (ಕನಿಷ್ಠ ಎತ್ತರ) 0, ಹೊರಚಾಚಿದ್ದನ್ನು ಅಡಗಿಸುವ ಓವರ್‌ಫ್ಲೋ ಹಿಡನ್. ಇಲ್ಲೂ ಒಂದು ಗುಂಡಿ ಇದೆ, ನಾನು ಬಿದ್ದೆ: ಪ್ಯಾಡಿಂಗನ್ನು ಆ ಡಿವ್‌ಗೇ ಕೊಟ್ಟರೆ ಮುಚ್ಚಿದಾಗಲೂ ಪ್ಯಾಡಿಂಗಿನಷ್ಟು ಜಾಗ ಕೆಳಗೆ ಉಳಿಯುತ್ತದೆ. ಅದರೊಳಗೆ ಇನ್ನೊಂದು ಡಿವ್ ಇಟ್ಟು ಅದಕ್ಕೆ ಕೊಡಬೇಕು. ಒತ್ತಕ್ಷರಗಳಿಗೆ ಜಾಗ ಇರಲಿ ಎಂದು ಲೈನ್-ಹೈಟ್ 1.7 ಇಟ್ಟೆ.

ಇದೂ ಪುಕ್ಕಟೆಯಲ್ಲ. ಪ್ಯಾನೆಲ್ ಬೆಳೆಯುವಾಗ ಕೆಳಗಿನ ಸಾಲುಗಳನ್ನೆಲ್ಲ ಪ್ರತಿ ಫ್ರೇಮಿನಲ್ಲೂ ಬ್ರೌಸರ್ ಮತ್ತೆ ಜೋಡಿಸಬೇಕು. ಫ್ರೇಮಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ನೂರೆಂಬತ್ತು ಸಾಲಿಗೆ ಹಳೆಯ ಫೋನು ಏದುಸಿರು ಬಿಟ್ಟಿತು, ಒಂದೊಂದು ತಿಂಗಳನ್ನಷ್ಟೇ ತೋರಿಸುವ ಹಾಗೆ ಒಡೆದೆ. ಕೀಬೋರ್ಡಿನ ಟ್ಯಾಬ್ ಒತ್ತಿದರೆ ಮುಚ್ಚಿದ ಪ್ಯಾನೆಲಿನೊಳಗಿನ ನಕ್ಷೆಯ ಕೊಂಡಿಗೂ ಫೋಕಸ್ ಹೋಗುತ್ತಿತ್ತು. ಅದಕ್ಕೆ ಕಾಣದ ಹಾಗೆ ಮಾಡುವ ವಿಸಿಬಿಲಿಟಿ ಹಿಡನ್. ಅದನ್ನೂ ಟ್ರಾನ್ಸಿಶನ್ ಪಟ್ಟಿಗೆ ಸೇರಿಸಿದರೆ ಪೂರ್ತಿ ಮುಚ್ಚಿದ ಮೇಲಷ್ಟೇ ಅಡಗುತ್ತದೆ. ಒತ್ತುವ ಜಾಗ ನಿಜವಾದ ಬಟನ್, ತೆರೆದಿದೆಯೋ ಮುಚ್ಚಿದೆಯೋ ಎಂದು ಪರದೆ ಓದುವ ತಂತ್ರಾಂಶಕ್ಕೆ ಹೇಳುವ ಏರಿಯಾ-ಎಕ್ಸ್‌ಪಾಂಡೆಡ್ ಸಹಿತ. ಜಾವಾಸ್ಕ್ರಿಪ್ಟ್ ಈಗ ಆರು ಸಾಲು.

2024ರ ಕ್ರೋಮ್ 129ರಲ್ಲಿ ಇಂಟರ್‌ಪೊಲೇಟ್-ಸೈಜ್ ಎಂಬ ಸಿಎಸ್‌ಎಸ್ ಸೌಲಭ್ಯ ಬಂದು, ಆಟೋವರೆಗೆ ಜಾರಿಸುವುದೂ ಸಾಧ್ಯವಾಗಿದೆ. ಮುಂದಿನ ತಿರುಗಾಟಕ್ಕೆ ನೋಡೋಣ.

ಮಾವನ ಫೋನಿನಲ್ಲಿ ಈಗ ಸುಬ್ರಹ್ಮಣ್ಯ ಕೈಕಾಲು ಸಮೇತ ಕಾಣಿಸುತ್ತದೆ. ಜಾರುವುದನ್ನು ಮಾತ್ರ ಅವರು ಇನ್ನೂ ನೋಡಿಲ್ಲ. ಸೆಟ್ಟಿಂಗ್ ಬದಲಿಸಿ ಕೊಡಲಾ ಎಂದು ಕೇಳಿದೆ. "ಬೇಡ, ಬೇಗ ಬರ್ತದೆ" ಎಂದರು.