ಅಪ್ಪನ ಕಂಪ್ಯೂಟರಿಗೆ ಯಾವ ‘ಸಂಸ್ಥೆ’?

ನವರಾತ್ರಿಗೆ ಊರಿಗೆ ಹೋದವನು ಇನ್ನೂ ಚೀಲ ಇಳಿಸಿರಲಿಲ್ಲ, ಅಪ್ಪ ಶುರು ಮಾಡಿದರು: "ನೋಡೋ, ಅಡಿಕೆ ಧಾರಣೆ ಅಂತ ಹುಡುಕಿದ್ರೆ ಯಾವ್ದೋ ಹಾಳು ಪೇಜ್ ಬರುತ್ತೆ. ಮೂಲೇಲಿ ವೈರಸ್ ಇದೆ ಅಂತ ಬೇರೆ ಹೆದರಿಸುತ್ತೆ. ನಾನೇನೂ ಮುಟ್ಟಿಲ್ಲ ಮಾರಾಯ."

ಮುಟ್ಟಿದ್ದರು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಮ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಒಂದೇ ದಿನ ಮೂರು ಬಂದು ಕೂತಿದ್ದವು. ಸೊಸೈಟಿಯ ಇಂಗ್ಲಿಷ್ ಸುತ್ತೋಲೆಯ ಪಿಡಿಎಫ್ ಅನ್ನು ವರ್ಡ್ ಫೈಲ್ ಮಾಡಲು ಎಲ್ಲಿಂದಲೋ ಒಂದು ಕನ್ವರ್ಟರ್ ಇಳಿಸಿಕೊಂಡು, ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಒತ್ತಿದ್ದರು. ಉಳಿದೆರಡು ಅದರ ಬೆನ್ನಿಗೆ ಬಿದ್ದು ಬಂದವು.

ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ. ಕ್ರೋಮ್ ಬ್ರೌಸರಿನ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಮ್) ಪುಟಕ್ಕೆ ಹೋದರೆ, ಹುಡುಕಾಟವನ್ನು ಅಡ್ಡದಾರಿಗೆ ತಿರುಗಿಸುತ್ತಿದ್ದ ಎಕ್ಸ್‌ಟೆನ್ಷನ್ ಅಲ್ಲೇ ಇದೆ, ಆದರೆ ‘ರಿಮೂವ್’ ಗುಂಡಿಯೇ ಇಲ್ಲ. ಮೆನುವಿನ ತಳದಲ್ಲಿ ‘ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು. ನಮ್ಮನೆಯಲ್ಲಿ ಸಂಸ್ಥೆ ಅಂತಿದ್ದರೆ ಅದು ಅಮ್ಮ ಒಬ್ಬರೇ, ಅವರು ಕಂಪ್ಯೂಟರ್ ಮುಟ್ಟುವುದಿಲ್ಲ. (ಕೆಲವು ಆಂಟಿವೈರಸ್‌ಗಳಿಂದಲೂ ಈ ಸಾಲು ಬರುವುದುಂಟು, ಕಂಡ ಕೂಡಲೇ ಗಾಬರಿ ಬೇಡ.)

ಅಡ್ರೆಸ್ ಬಾರ್‌ನಲ್ಲಿ ‘ಕ್ರೋಮ್’, ಕೋಲನ್, ಎರಡು ಸ್ಲ್ಯಾಷ್, ‘ಪಾಲಿಸಿ’ ಅಂತ ಹೊಡೆದೆ. ‘ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಎಂಬ ಹೆಸರಿನ ಮುಂದೆ 32 ಅಕ್ಷರಗಳ ಒಂದು ಐಡಿ. ಕಚೇರಿಗಳು ತಮ್ಮ ನೌಕರರ ಕಂಪ್ಯೂಟರ್‌ಗಳಲ್ಲಿ ಒಂದು ಎಕ್ಸ್‌ಟೆನ್ಷನ್ ಕಡ್ಡಾಯ ಮಾಡಲು ಇರುವ ಸೌಲಭ್ಯ ಇದು. ಕಳ್ಳ ಅದೇ ಬಾಗಿಲಿನಿಂದ ಬಂದಿದ್ದ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಎಡಿಟರ್ ತೆರೆದು, ಲೋಕಲ್ ಮಷೀನ್‌ನ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅಂತ ಒಳಹೊಕ್ಕು, ಮೊದಲು ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಂಡು, ಆ ನಮೂದನ್ನು ಅಳಿಸಿದೆ. ಎಕ್ಸ್‌ಟೆನ್ಷನ್ ಹೋಯಿತು. ಗೆದ್ದೆ ಅಂತ ಊಟಕ್ಕೆ ಕೂತೆ.

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಮತ್ತೆ ಹಾಜರ್!

ಅರ್ಧ ದಿನ ತಿಂದದ್ದು ಇದೇ. ಕೊನೆಗೆ, ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್‌ಗಳನ್ನು ತಾನೇ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಕ್ಕಿತು: ಯಾವುದೋ ಅಪ್‌ಡೇಟ್‌ನಂಥ ಸಭ್ಯ ಹೆಸರು, ‘ಆ್ಯಕ್ಷನ್ಸ್’ ತೆರೆದರೆ ಆ್ಯಪ್‌ಡೇಟಾ ಫೋಲ್ಡರಿನ ಒಂದು ಪವರ್‌ಶೆಲ್ ಸ್ಕ್ರಿಪ್ಟ್ (ವಿಂಡೋಸ್‌ಗೆ ಕೊಡುವ ಆಜ್ಞೆಗಳ ಫೈಲ್). ಲಾಗಿನ್ ಆದಾಗಲೆಲ್ಲ ಅದು ಎದ್ದು, ನಾನು ಅಳಿಸಿದ್ದನ್ನು ಮತ್ತೆ ಬರೆಯುತ್ತಿತ್ತು. ಹಾಗಾಗಿ ಕೆಲಸ ತಲೆಕೆಳಗು ಮಾಡಿದೆ: ಮೊದಲು ಟಾಸ್ಕ್, ಆಮೇಲೆ ಸ್ಕ್ರಿಪ್ಟ್, ಆಮೇಲೆ ರಿಜಿಸ್ಟ್ರಿ. ಎರಡು ಸಲ ರೀಸ್ಟಾರ್ಟ್ ಮಾಡಿದರೂ ಎಕ್ಸ್‌ಟೆನ್ಷನ್ ಬರಲಿಲ್ಲ.

ಡೆಸ್ಕ್‌ಟಾಪ್‌ನ ಕ್ರೋಮ್ ಐಕಾನ್ ಒತ್ತಿದರೆ ಮಾತ್ರ ಅಪ್ಪ ಹೇಳಿದ ಆ ಹಾಳು ಪೇಜ್ ತೆರೆಯುತ್ತಲೇ ಇತ್ತು. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲಿನ ತುದಿಗೆ ಕರ್ಸರ್ ಒಯ್ದು ನೋಡಿ: ಉದ್ಧರಣ ಚಿಹ್ನೆ ಮುಗಿದ ಮೇಲೆ, ಒಂದು ಖಾಲಿ ಜಾಗ ಬಿಟ್ಟು, ಆ ಪೇಜಿನ ವಿಳಾಸ ಅಂಟಿಸಿದ್ದರು. ಅಷ್ಟನ್ನು ಅಳಿಸಿದೆ. ವೈರಸ್ ಬೆದರಿಕೆ ಬೇರೆಯದೇ ಕಥೆ. ಅದು ಯಾವುದೋ ಸೈಟಿಗೆ ಅಪ್ಪ ‘ಅಲೋ’ ಒತ್ತಿ ಕೊಟ್ಟ ನೋಟಿಫಿಕೇಷನ್ ಅನುಮತಿ, ಸೆಟ್ಟಿಂಗ್ಸ್‌ನಲ್ಲಿ ಕಿತ್ತುಹಾಕಲು ಒಂದು ನಿಮಿಷ ಸಾಕಾಯಿತು. ಉಳಿದ ಚೂರುಪಾರಿಗೆ, ಇಂಥ ಕಸ ಗುಡಿಸುವ ಆ್ಯಡ್‌ಡಬ್ಲ್ಯೂಕ್ಲೀನರ್ ಎಂಬ ಪ್ರೋಗ್ರಾಮ್ ಓಡಿಸಿದೆ. ಎಲ್ಲ ಪುಟಗಳ ಮಾಹಿತಿ ಓದುವ ಅನುಮತಿ ಆ ಎಕ್ಸ್‌ಟೆನ್ಷನ್‌ಗೆ ಇದ್ದುದರಿಂದ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ನನ್ನ ಫೋನಿನಿಂದಲೇ ಬದಲಿಸಿದೆವು.

ಸುತ್ತೋಲೆ ಹಾಗೇ ಬಾಕಿ ಇತ್ತು. ಅಪ್ಪನ ವರ್ಡ್‌ನಲ್ಲೇ ಪಿಡಿಎಫ್ ತೆರೆದು ತೋರಿಸಿದೆ. 2013ರ ಆವೃತ್ತಿಯಿಂದಲೂ ಅದಕ್ಕೆ ಇದು ಗೊತ್ತು. ಕನ್ನಡದ ಪಿಡಿಎಫ್ ಆಗಿದ್ದರೆ ಅಕ್ಷರ ಕಲಸುಮೇಲೋಗರ ಆಗುತ್ತಿತ್ತೇನೋ, ಇಂಗ್ಲಿಷ್ ಆದ್ದರಿಂದ ಚೆನ್ನಾಗೇ ಬಂತು. ಅಪ್ಪ ಕನ್ನಡಕ ತೆಗೆದು ಕೇಳಿದರು: "ಇದು ಇಲ್ಲೇ ಇತ್ತಾ?"