ಗಾಳಿಯಂತ್ರದ ಕೇಬಲ್: ಅರೆಯುವ ಮೊದಲು ಸುಲಿದು ಗೆದ್ದ ನನ್ನ ಅನುಭವ

ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರಗಳಿಂದ ಬರುವ ಹಳೆಯ ಕೇಬಲ್‌ಗಳಿಂದ ಲೋಹ ತೆಗೆಯುವಾಗ, ಅವುಗಳನ್ನು ಗ್ರಾನ್ಯುಲೇಟರ್‌ಗೆ (ಕೇಬಲನ್ನು ಕಾಳುಕಾಳಾಗಿ ಅರೆಯುವ ಯಂತ್ರ) ಹಾಕುವ ಮೊದಲು ಹೊದಿಕೆ ಸುಲಿಯಬೇಕು ಎಂದು ನಾನು ಹೇಳಿದಾಗ, ಈ ವೃತ್ತಿಯಲ್ಲಿರುವ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಸುಲಿಯುವುದು ಚಿಲ್ಲರೆ ಗುಜರಿಯವರ ಕೆಲಸ, ಟನ್ನುಗಟ್ಟಲೆ ಮಾಲಿಗೆ ಅದು ಒಗ್ಗುವುದಿಲ್ಲ, ಕೂಲಿಯೇ ಲಾಭವನ್ನೆಲ್ಲ ತಿಂದುಹಾಕುತ್ತದೆ ಎಂಬುದು ಅವರ ವಾದವಾಗಿತ್ತು. ಮೂರು ವರ್ಷ ಇದೇ ಕ್ರಮದಲ್ಲಿ ಕೆಲಸ ನಡೆಸಿ, ಗ್ರಾನ್ಯುಲೇಟರ್‌ಗಾಗಿ ಮಾಡಿದ್ದ ಸಾಲವನ್ನು ಗಡುವಿಗೆ ಮೊದಲೇ ತೀರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರಂತೆ ಇಡೀ ಕೇಬಲನ್ನೇ ಕತ್ತರಿಸಿ ಅರೆದೆ. 690 ವೋಲ್ಟ್‌ನ 2 ಮೆಗಾವಾಟ್ ಯಂತ್ರವೊಂದರಲ್ಲಿ ಸುಮಾರು 1,670 ಆಂಪಿಯರ್ ಕೆಳಗಿಳಿಯಬೇಕಾಗುವುದರಿಂದ, ಟ್ರಾನ್ಸ್‌ಫಾರ್ಮರ್ ಬುಡದಲ್ಲಿರುವ ಕಡೆ ಪ್ರತಿ ಫೇಸಿಗೂ 240 ಚದರ ಮಿಲಿಮೀಟರಿನ ನಾಲ್ಕೈದು ಕೇಬಲ್‌ಗಳು ಇರುತ್ತವೆ. 80 ಮೀಟರ್ ಎತ್ತರದ ಗೋಪುರವಾದರೆ ಎರಡು ಟನ್ನಿಗೂ ಹೆಚ್ಚು ತಾಮ್ರ ಸಿಗುತ್ತದೆ. ಈ ಲೆಕ್ಕ ನೋಡಿಯೇ ನಾನು ಆಸೆಪಟ್ಟು ಮಾಲು ಹಿಡಿದದ್ದು. ಆದರೆ ಈ ಕೇಬಲ್ ತಿರುಚಿಗೆ ತಡೆಯಬೇಕಾದ್ದರಿಂದ ಅದರ ಎಳೆಗಳು ಅರ್ಧ ಮಿಲಿಮೀಟರಿನಷ್ಟೇ ದಪ್ಪ, ಮೇಲಿನ ಹೊದಿಕೆಯೆಲ್ಲ ರಬ್ಬರು. ಅರೆಯುವಾಗ ರಬ್ಬರು ಬಿಸಿಯಾಗಿ ಬ್ಲೇಡಿಗೆ ಮೆತ್ತಿಕೊಂಡಿತು. ತಾಮ್ರ ಕಾಳಾಗದೆ ಕೂದಲಾಗಿ, ರಬ್ಬರಿನ ಪುಡಿಯನ್ನು ಅಪ್ಪಿಕೊಂಡು ಉಂಡೆಗಟ್ಟಿತು. ಗಾಳಿ ಊದಿ ಲೋಹವನ್ನೂ ಹಗುರ ಪುಡಿಯನ್ನೂ ಬೇರೆ ಮಾಡುವ ಗಾಳಿ ಮೇಜಿನ ಮೇಲೆ ಆ ಕೂದಲು ತಾಮ್ರದ ಕಡೆಗೆ ಸರಿಯದೆ ರಬ್ಬರಿನ ಜೊತೆಯಲ್ಲೇ ತೇಲಿಕೊಂಡು ಹೋಯಿತು. ಕಸದ ಕಡೆಯಿಂದ ಒಂದು ಬೊಗಸೆ ತೆಗೆದು ಬಾಣಲೆಯಲ್ಲಿ ನೀರು ಹಾಕಿ ತೊಳೆದು ನೋಡಿದರೆ ತಳದಲ್ಲಿ ಕೆಂಪಗೆ ಹೊಳೆಯುತ್ತಿತ್ತು. ನೆನಪಿನಿಂದ ಹೇಳುವುದಾದರೆ, ನೂರು ಕಿಲೋ ತಾಮ್ರದಲ್ಲಿ ನಾಲ್ಕು ಕಿಲೋ ಹೀಗೆ ಕಸದ ಪಾಲಾಗುತ್ತಿತ್ತು, ಆ ಕಸವನ್ನು ಸಾಗಿಸಲು ಹಣವನ್ನೂ ನಾನೇ ಕೊಡಬೇಕಾಗಿತ್ತು.

33 ಕಿಲೋವೋಲ್ಟ್ ಕೇಬಲ್‌ನಲ್ಲಿ ಆದ ನಷ್ಟ ಇದಕ್ಕಿಂತ ದೊಡ್ಡದು. ಯಂತ್ರದಿಂದ ಯಂತ್ರಕ್ಕೆ ನೆಲದಡಿಯಲ್ಲಿ ಹಾಯುವ ಈ ಕೇಬಲ್‌ನ ನಡುವೆ ಅಲ್ಯೂಮಿನಿಯಂ, ಅದರ ಮೇಲೆ 8 ಮಿಲಿಮೀಟರ್ ಆಸುಪಾಸಿನ ಎಕ್ಸ್‌ಎಲ್‌ಪಿಇ (ಅಣುಗಳನ್ನು ಒಂದಕ್ಕೊಂದು ಬೆಸೆದ ಪಾಲಿಥೀನಿನ ನಿರೋಧಕ ಪದರ), ಆಮೇಲೆ ತಾಮ್ರದ ತೆಳು ತಂತಿಗಳನ್ನು ಸುತ್ತಿದ ಸ್ಕ್ರೀನ್ ಎಂಬ ಪದರ, ಹೊರಗೆ ಪಾಲಿಥೀನ್ ಕವಚ. ಒಟ್ಟಿಗೆ ಅರೆದರೆ ಅಲ್ಯೂಮಿನಿಯಂ ಕಾಳಿನೊಳಗೆ ತಾಮ್ರದ ಚೂರು ಸೇರಿಕೊಂಡು, ಎರಕದವರು ದರವನ್ನು ಅಲ್ಲಿಯೇ ಇಳಿಸುತ್ತಾರೆ. ಅದನ್ನು ಬೇರ್ಪಡಿಸಲೆಂದು ನಾನು ಹರಿಯುವ ನೀರಿನಲ್ಲಿ ಕಾಳುಗಳನ್ನು ತೂಕಕ್ಕೆ ತಕ್ಕಂತೆ ವಿಂಗಡಿಸುವ ನೀರಿನ ಮೇಜು ತಂದು ಕೂರಿಸಿದೆ. ನೀರು ಒಳನುಗ್ಗದಂತೆ ಕೇಬಲ್‌ನಲ್ಲಿ ಸುತ್ತಿರುವ ಪಟ್ಟಿಯಲ್ಲಿ ನೀರು ಹೀರಿ ಉಬ್ಬುವ ಪುಡಿ ಇರುತ್ತದೆ ಎಂಬುದು ಗೊತ್ತಿದ್ದೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಅರ್ಧ ಗಂಟೆಯೊಳಗೆ ಮೇಜಿನ ತುಂಬ ಗಂಜಿಯಂಥ ಲೋಳೆ ಹರಡಿತು, ಪಂಪು ಕಟ್ಟಿಕೊಂಡಿತು, ಎರಡು ದಿನ ನಾಲ್ಕು ಜನ ತಿಕ್ಕಿ ತೊಳೆದೆವು. ಆ ಮೇಜನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ.

ಸುಲಿಯುವ ಯೋಚನೆ ಬಂದದ್ದು ಆಗಲೇ, ಒಂದು ಸರಳ ಲೆಕ್ಕದಿಂದ. ಮನೆಯ ವೈರಿಂಗಿನ 2.5 ಚದರ ಮಿಲಿಮೀಟರ್ ತಂತಿಯನ್ನು ಒಂದು ಮೀಟರ್ ಸುಲಿದರೆ ಸಿಗುವ ತಾಮ್ರ 22 ಗ್ರಾಂ. ಗೋಪುರದ 240ರ ಕೇಬಲನ್ನು ಒಂದು ಮೀಟರ್ ಸುಲಿದರೆ ಸಿಗುವುದು 2.15 ಕಿಲೋ. ಯಂತ್ರದ ಮುಂದೆ ನಿಂತವನ ಶ್ರಮ ಎರಡರಲ್ಲೂ ಒಂದೇ. ನಿಮಿಷಕ್ಕೆ ಹತ್ತು ಮೀಟರ್ ಓಡುವ ಸಾಧಾರಣ ಸ್ಟ್ರಿಪ್ಪಿಂಗ್ ಯಂತ್ರದಲ್ಲಿ ಗಂಟೆಗೆ ಒಂದೂವರೆ ಟನ್ನಿಗೂ ಹೆಚ್ಚು ಕೇಬಲ್ ಹಾಯುತ್ತದೆ. ಎತ್ತಿ ಇಳಿಸುವ ಹೊತ್ತನ್ನು ಕಳೆದು ಅದರ ಅರ್ಧವೆಂದು ಹಿಡಿದರೂ ನನ್ನ ಗ್ರಾನ್ಯುಲೇಟರ್‌ಗಿಂತ ಅದೇ ಮುಂದು. ಸುಲಿಯುವುದು ನಿಧಾನ ಎಂದವರೆಲ್ಲ ಸಣ್ಣ ತಂತಿಯ ಅನುಭವವನ್ನು ದಪ್ಪ ಕೇಬಲ್‌ಗೆ ಅನ್ವಯಿಸಿ ಮಾತನಾಡುತ್ತಿದ್ದರು.

ಗೋಪುರದ ಕೇಬಲ್ ಬಂದ ಕೂಡಲೇ ನಾನು ಮೊದಲು ಮಾಡುವುದು ಮೇಲ್ತುದಿಯ ಜೋತ ಭಾಗವನ್ನು ಕತ್ತರಿಸಿ ಪ್ರತ್ಯೇಕವಾಗಿಡುವುದು. ನಾಸೆಲ್ (ಗೋಪುರದ ತುದಿಯಲ್ಲಿ ಜನರೇಟರ್ ಇರುವ ಪೆಟ್ಟಿಗೆ) ಗಾಳಿಗೆ ತಕ್ಕಂತೆ ತಿರುಗಿದಂತೆಲ್ಲ ಆ ಭಾಗ ವರ್ಷಗಟ್ಟಲೆ ತಿರುಚಿಕೊಂಡಿರುತ್ತದೆ. ಒಳಗಿನ ಎಳೆಗಳು ತುಂಡಾಗಿ, ಸುಲಿದಾಗ ಸೂಜಿಗಳ ಕಂತೆಯಂತೆ ಉದುರಿ ಕೈಗೆ ಚುಚ್ಚುತ್ತವೆ. ಉಳಿದ ನೇರ ಉದ್ದವನ್ನು ಎದುರುಬದುರಾಗಿ ಎರಡು ಬ್ಲೇಡಿನಲ್ಲಿ ಸೀಳಿದರೆ ರಬ್ಬರು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ತಾಮ್ರದ ಎಳೆಗಳ ಕಟ್ಟಿನ ಮೇಲೆ ಸುತ್ತಿದ ಪಟ್ಟಿ ಕೆಡದೆ ಉಳಿದಿದ್ದರೆ ತಾಮ್ರ ಅಂಟೇ ಇಲ್ಲದೆ ಹೊರಬರುತ್ತದೆ. ಬ್ಲೇಡು ಎಳೆಗಳನ್ನು ಮುಟ್ಟದೆ ಪಟ್ಟಿಯ ಮೇಲೆಯೇ ನಿಲ್ಲುವಂತೆ ಮಾಡಲು ನಾನು ರೋಲರ್‌ನಲ್ಲಿ ಒಂದು ಸಣ್ಣ ಮಾರ್ಪಾಡು ಮಾಡಿಕೊಂಡಿದ್ದೇನೆ. ಅದನ್ನು ಕಂಡುಕೊಳ್ಳಲು ಐದು ತಿಂಗಳು ಹಿಡಿದದ್ದರಿಂದ ಅದರ ವಿವರ ನನ್ನ ಬಳಿಯೇ ಇರಲಿ. ತವರ ಲೇಪಿಸಿದ ಎಳೆಗಳ ಬಗ್ಗೆ ಮಾತ್ರ ಎಚ್ಚರಿಸಲೇಬೇಕು. ಅವು ನೋಡಲು ಅಲ್ಯೂಮಿನಿಯಂನಂತೆ ಬೆಳ್ಳಗಿರುತ್ತವೆ, ಅರದಿಂದ ಒಂದೇ ಒಂದು ಸಲ ಉಜ್ಜಿದರೆ ಕೆಂಪು ಕಾಣುತ್ತದೆ. ಒಂದು ಲಾಟನ್ನು ಉಜ್ಜಿ ನೋಡದೆ ಶುದ್ಧ ತಾಮ್ರದೊಂದಿಗೆ ಬೆರೆಸಿದ ಕಾರಣ ಇಡೀ ಲೋಡು ಒಂದು ದರ್ಜೆ ಕೆಳಗಿಳಿದು, ಬರಿ ಎರಡು ಚೀಲದ ತಪ್ಪಿಗೆ ಐದು ಟನ್ನಿನ ಮೇಲೆ ದರ ಕಳೆದುಕೊಂಡೆ.

ಎಕ್ಸ್‌ಎಲ್‌ಪಿಇ ಕೇಬಲ್‌ನ ಕ್ರಮ ಬೇರೆ. ಕವಚ ಸೀಳಿ, ಉಬ್ಬುವ ಪಟ್ಟಿಯನ್ನು ಒಣಗಿದ್ದಾಗಲೇ ಎಳೆದು ತೆಗೆದು, ತಾಮ್ರದ ತಂತಿಗಳನ್ನು ಸುರುಳಿಗೆ ಸುತ್ತಿಕೊಂಡು, ಕೊನೆಗೆ ಉಳಿದ ಕಡ್ಡಿಯನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಹದಕ್ಕೆ ತರುತ್ತೇನೆ. ತಣ್ಣಗಿರುವಾಗ ಗಟ್ಟಿಯಾಗಿ ಬ್ಲೇಡನ್ನು ಹಿಂದಕ್ಕೆ ತಳ್ಳುವ ಎಕ್ಸ್‌ಎಲ್‌ಪಿಇ ಪದರ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಣ್ಣಿನ ಸಿಪ್ಪೆಯಂತೆ ಬಿಚ್ಚುತ್ತದೆ. ಒಮ್ಮೆ ನಿಯಂತ್ರಕ ಕೆಟ್ಟು ಪೆಟ್ಟಿಗೆಯ ಶಾಖ 120 ದಾಟಿತು. ಬಾಗಿಲು ತೆರೆದರೆ ಹಾಲಿನಂತಿದ್ದ ಪದರವೆಲ್ಲ ಗಾಜಿನಂತೆ ತಿಳಿಯಾಗಿ, ಒಳಗಿನ ಕಪ್ಪು ಅರೆವಾಹಕ ಪದರ (ಅಲ್ಪಸ್ವಲ್ಪ ವಿದ್ಯುತ್ ಹಾಯಿಸುವ ತೆಳು ಹೊದಿಕೆ) ಹೊರಗಿನಿಂದಲೇ ಕಾಣುತ್ತಿತ್ತು. ನೋಡಲು ಬಲು ಸುಂದರವಾಗಿದ್ದರೂ ಅದು ರಬ್ಬರಿನಂತೆ ಜಗ್ಗಿ, ಬ್ಲೇಡಿಗೆ ಸಿಗಲೇ ಇಲ್ಲ. ತಣ್ಣಗಾಗುವವರೆಗೆ ಕಾಯ್ದು ಮತ್ತೆ ಮೊದಲಿನಿಂದ ಬಿಸಿಮಾಡಬೇಕಾಯಿತು. ಎಷ್ಟು ಹೊತ್ತು ಇಡಬೇಕೆಂಬುದು ಕೇಬಲ್‌ನ ಗಾತ್ರವನ್ನು ಅವಲಂಬಿಸಿದೆ, ಅದನ್ನು ನೀವೇ ಹದ ನೋಡಿ ಕಲಿಯಬೇಕು.

ಬಿಸಿ ಮಾಡಿದವನು ತಣ್ಣಗೆ ಮಾಡಿಯೂ ನೋಡಿದೆ. ಒಣ ಮಂಜುಗಡ್ಡೆ ಮೈನಸ್ 78 ಡಿಗ್ರಿಯಲ್ಲಿರುವುದರಿಂದ, ಗೋಪುರದ ಕೇಬಲ್‌ನ ತುಂಡುಗಳನ್ನು ಅದರಲ್ಲಿ ಹೂತಿಟ್ಟು ಸುತ್ತಿಗೆಯಿಂದ ಹೊಡೆದಾಗ ರಬ್ಬರು ಮಡಕೆಯಂತೆ ಒಡೆದು ತಾಮ್ರ ಬಾಗಿತೇ ಹೊರತು ಮುರಿಯಲಿಲ್ಲ. ಅದೇ ಹುರುಪಿನಲ್ಲಿ 33 ಕಿಲೋವೋಲ್ಟಿನ ತುಂಡನ್ನೂ ಹಾಕಿದೆ. ಪಾಲಿಥೀನ್ ಜಾತಿಯ ಪದರ ಆ ಚಳಿಗೂ ಜಗ್ಗಲಿಲ್ಲ, ಸುತ್ತಿಗೆ ಪುಟಿದು ಬಂತು. ಜೋತ ಭಾಗದ ಮುರಿದ ಎಳೆಗಳಿಗೆ ಈ ವಿಧಾನ ನಿಜಕ್ಕೂ ಚೆನ್ನಾಗಿದೆ, ಆದರೆ ಮಂಜುಗಡ್ಡೆಯ ಖರ್ಚು ಉಳಿತಾಯದ ಎರಡರಷ್ಟಾದ ಕಾರಣ ಕೈಬಿಟ್ಟೆ.

ಸಮುದ್ರದ ಕೇಬಲನ್ನು ಒಂದೇ ಒಂದು ಸಲ ಹಿಡಿದೆ. ಉಕ್ಕಿನ ತಂತಿ, ಡಾಂಬರು, ಸೀಸದ ಕವಚ ಇವೆಲ್ಲ ಇದ್ದ ಆ ಮಾಲನ್ನು ಗ್ರೈಂಡರ್‌ನ ಕಲ್ಲುಗಾಲಿಯಿಂದ ಕೊಯ್ದರೆ ಸೀಸದ ಧೂಳು ಉಸಿರಿಗೆ ಹೋಗುತ್ತದೆಯಾದ್ದರಿಂದ, ಹೈಡ್ರಾಲಿಕ್ ಕತ್ತರಿಯಿಂದಷ್ಟೇ ತುಂಡರಿಸಿದೆವು. ತಾಮ್ರ ಬೇಕಾದಷ್ಟು ಸಿಕ್ಕಿತು, ಆದರೆ ನನ್ನ ಶೆಡ್ಡಿನಂಥ ಕಡೆ ಆ ಕೆಲಸ ಸಲ್ಲದು. ಸುಟ್ಟು ತಾಮ್ರ ತೆಗೆಯುವವರ ದರದೊಂದಿಗೆ ಸ್ಪರ್ಧಿಸಿ ಎಂದು ಕೆಲವರು ಈಗಲೂ ಹೇಳುತ್ತಾರೆ. ಕ್ಲೋರಿನ್ ಇರುವ ಕವಚ ತಾಮ್ರದೊಡನೆ ಬೆಂದರೆ ಡಯಾಕ್ಸಿನ್ ಹುಟ್ಟುತ್ತದೆ, ನನ್ನ ಆಳುಗಳು ಆ ಹೊಗೆಯಲ್ಲಿ ನಿಲ್ಲುವುದು ನನಗೆ ಬೇಡ.

ಇನ್ನು ಹಣದ ಮಾತು. ಮಾಲಿಗೆ ಕೊಟ್ಟದ್ದನ್ನು 100 ಎಂದಿಟ್ಟುಕೊಂಡರೆ, ಮೊದಲ ವರ್ಷ ಖರ್ಚೆಲ್ಲ ಕಳೆದು ಕೈಗೆ ಮರಳಿದ್ದು 96 ಅಥವಾ 97. ಈಗ 112ರಿಂದ 115ರವರೆಗೆ ಬರುತ್ತಿದೆ. ಇದರಲ್ಲಿ ಹೆಚ್ಚಿನ ಪಾಲು ಕಾಳಿನ ಬದಲು ಉದ್ದ ಎಳೆಯಾಗಿ ಮಾರುವ ತಾಮ್ರದ ದರ್ಜೆಯಿಂದ ಬಂದದ್ದು, ಉಳಿದದ್ದು ಕಸ ಸಾಗಿಸುವ ಖರ್ಚು ತಪ್ಪಿದ್ದರಿಂದ. ಲೋಹದ ಚೂರಿಲ್ಲದ ರಬ್ಬರನ್ನು ಹಾಸು ಮಾಡುವವರು ಒಯ್ಯುತ್ತಾರೆ. 33 ಕಿಲೋವೋಲ್ಟಿನ 300 ಚದರ ಮಿಲಿಮೀಟರ್ ಕೇಬಲ್‌ನಲ್ಲಿ ಅಲ್ಯೂಮಿನಿಯಂ ಮೀಟರಿಗೆ 800 ಗ್ರಾಂ ಇದ್ದರೆ ಎಕ್ಸ್‌ಎಲ್‌ಪಿಇ ಕೂಡ 650ರಿಂದ 700 ಗ್ರಾಂ ಇರುತ್ತದೆ, ಆದ್ದರಿಂದ ಅದನ್ನು ಕಸವೆಂದು ಬಿಡುವುದು ದೊಡ್ಡ ತಪ್ಪು. ಮತ್ತೆ ಕರಗಿಸಲು ಬಾರದಿದ್ದರೂ, ಪುಡಿ ಮಾಡಿ ಪಾಲಿಥೀನ್‌ಗೆ ಸ್ವಲ್ಪ ಪ್ರಮಾಣದಲ್ಲಿ ಬೆರೆಸುವವರು ಬಿಳಿ ಸಿಪ್ಪೆಯನ್ನು ಕೇಳಿ ಪಡೆಯುತ್ತಾರೆ. ಕಪ್ಪು ಅರೆವಾಹಕ ಪದರ ಅಂಟಿಕೊಂಡ ಸಿಪ್ಪೆ ಅವರಿಗೆ ಬೇಡ; ಅದನ್ನು ಕೆರೆದು ತೆಗೆಯಲು ಕೇಬಲ್ ಜೋಡಿಸುವ ಕೆಲಸಗಾರರು ಪದರ ಹೆರೆಯಲು ಬಳಸುವ ಶೇವರ್ ಉಪಕರಣವನ್ನೇ ಮೋಟಾರಿಗೆ ಜೋಡಿಸಿ ಈ ತಿಂಗಳು ಪ್ರಯೋಗ ನಡೆಸಿದ್ದೇನೆ, ಹತ್ತು ಮೀಟರಿನಲ್ಲಿ ಆರೇಳು ಮೀಟರ್ ಬೆಳ್ಳಗೆ ಬರುತ್ತಿದೆ.