ಒಂದು ಲೀಟರ್ ದುಡ್ಡಿಗೆ ಎಷ್ಟು ಯುನಿಟ್?

ಪೆಟ್ರೋಲ್, ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಯಾವುದರ ಖರ್ಚು ಕಡಿಮೆ ಅಂತ ಕೇಳಿದರೆ ಎಲ್ಲರೂ ತಮ್ಮ ಕಾರನ್ನೇ ಹೊಗಳುತ್ತಾರೆ. ಹಾಗಾಗಿ ನಾನೇ ಅಳೆದು ನೋಡಿದೆ. ನನ್ನದು ಪೆಟ್ರೋಲ್ ಕಾರು, ಅಣ್ಣನದು ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಕೂಡ ಇರುವುದು), ಗೆಳೆಯನದು ಎಲೆಕ್ಟ್ರಿಕ್. ಗಾತ್ರದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ.

ಕಂಪನಿ ಹೇಳುವ ಮೈಲೇಜನ್ನು ಪಕ್ಕಕ್ಕಿಟ್ಟೆ. ಪೆಟ್ರೋಲ್ ಕುಡಿಯುವ ಎರಡಕ್ಕೂ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು ಅಂತ ಬರೆದುಕೊಂಡೆ. ಎಲೆಕ್ಟ್ರಿಕ್ ಕಾರಿಗೆ ಗೋಡೆಯ ಚಾರ್ಜರ್ ಎಳೆದ ಯುನಿಟ್ಟನ್ನೇ ಲೆಕ್ಕ ಹಿಡಿದೆ. ಮೀಟರ್ ದಾಟಿದ ಕರೆಂಟೆಲ್ಲ ಬ್ಯಾಟರಿ ಸೇರುವುದಿಲ್ಲ. ಸುಮಾರು 10ರಿಂದ 15 ಪರ್ಸೆಂಟ್ ಚಾರ್ಜ್ ಆಗುವಾಗಲೇ ಬಿಸಿಯಾಗಿ ಹೋಗುತ್ತದೆ. ಬಿಲ್ ಮಾತ್ರ ಪೂರ್ತಿಗೆ ಬರುತ್ತದಲ್ವಾ? ಕಾರಿನ ಸ್ಕ್ರೀನ್ ಯುನಿಟ್ಟಿಗೆ 7 ಕಿ.ಮೀ. ಅಂದಾಗ ನನ್ನ ಲೆಕ್ಕದಲ್ಲಿ ಬಂದದ್ದು 6.

ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಕಾರು ಲೀಟರಿಗೆ 14 ಕಿ.ಮೀ. ಕೊಟ್ಟಿತು, ಹೈಬ್ರಿಡ್ 22. ಅಂದರೆ ಒಂದು ಲೀಟರ್ ಪೆಟ್ರೋಲಿನ ದುಡ್ಡಿಗೆ ಎರಡೂವರೆ ಯುನಿಟ್ ಸಿಕ್ಕರೂ ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿಗಿಂತ ಅಗ್ಗ. ಹೈಬ್ರಿಡ್‌ಗಿಂತ ಅಗ್ಗವಾಗಬೇಕಾದರೆ ಸುಮಾರು 4 ಯುನಿಟ್ ಸಿಗಬೇಕು. ನಿಮ್ಮಲ್ಲಿ ಬೆಲೆ ಎಷ್ಟೇ ಇರಲಿ, ಲೀಟರ್ ಬೆಲೆಯನ್ನು ಯುನಿಟ್ ಬೆಲೆಯಿಂದ ಭಾಗಿಸಿ, ಈ ಒಂದು ಭಾಗಾಕಾರ ಸಾಕು.

ಇಷ್ಟೊಂದು ವ್ಯತ್ಯಾಸ ಯಾಕೆ? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯುನಿಟ್ಟಿನಷ್ಟು ಶಕ್ತಿ ಇದೆ. ಅದರಲ್ಲಿ ಜಾಸ್ತಿ ಪಾಲು ಎಂಜಿನ್ನಿನ ಬಿಸಿಯಾಗಿ, ಹೊಗೆಯಾಗಿ ಹೋಗುತ್ತದೆ. ಸಿಗ್ನಲ್‌ನಲ್ಲಿ ಸುಮ್ನೆ ಉರಿಯುವುದು ಬೇರೆ. ಹೈಬ್ರಿಡ್‌ನಲ್ಲಿ ಎಂಜಿನ್ ಆಗಾಗ ಆಫ್ ಆಗುತ್ತದೆ, ಬ್ರೇಕ್ ಒತ್ತಿದಾಗ ಒಂದಿಷ್ಟು ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಟ್ರಾಫಿಕ್ ಇದ್ದಷ್ಟೂ ಅದಕ್ಕೆ ಲಾಭ.

ಹೈವೇಗೆ ಇಳಿದರೆ ಕಥೆ ತಿರುಗುತ್ತದೆ. ಬ್ರೇಕ್ ಒತ್ತುವುದೇ ಅಪರೂಪ, ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು ಏರುತ್ತದೆ. ಪೆಟ್ರೋಲ್ ಕಾರು 18ಕ್ಕೆ ಏರಿತು, ಹೈಬ್ರಿಡ್ 20ಕ್ಕೆ ಇಳಿಯಿತು, ಎಲೆಕ್ಟ್ರಿಕ್ ಯುನಿಟ್ಟಿಗೆ ನಾಲ್ಕೂವರೆಗೆ ಬಂತು. ಈಗ ಪೆಟ್ರೋಲ್ ಕಾರಿಗೆ ಸಮ ಆಗಲಿಕ್ಕೇ ಲೀಟರ್ ದುಡ್ಡಿಗೆ 4 ಯುನಿಟ್ ಬೇಕು. ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಯುನಿಟ್ ಬೆಲೆ ಮನೆಯದಕ್ಕಿಂತ ಸಾಮಾನ್ಯವಾಗಿ ಎಷ್ಟೋ ಜಾಸ್ತಿ. ಮನೆಯಲ್ಲಿ ಚಾರ್ಜಿಂಗ್ ಇಲ್ಲದೆ, ಬರೀ ಹೈವೇ ಓಡಿಸುವವರಿಗೆ ನಾನಂತೂ ಹೈಬ್ರಿಡ್ಡನ್ನೇ ಹೇಳುತ್ತೇನೆ.

ಸರ್ವಿಸ್ ಖರ್ಚಿನಲ್ಲಿ ಎಲೆಕ್ಟ್ರಿಕ್‌ಗೆ ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಬ್ರೇಕ್ ಪ್ಯಾಡ್ ನಿಧಾನ ಸವೆಯುತ್ತದೆ. ಆದರೆ ಬ್ರೇಕ್ ಫ್ಲುಯಿಡ್, ಏಸಿ ಫಿಲ್ಟರ್, 12 ವೋಲ್ಟ್ ಬ್ಯಾಟರಿ ಅದಕ್ಕೂ ಇವೆ. ಗಾಡಿ ಭಾರ, ಎಳೆತ ಜೋರು, ಹಾಗಾಗಿ ಟೈರ್ ಬೇಗ ಸವೆಯುತ್ತದೆ. ಹೈಬ್ರಿಡ್‌ಗೆ ಬ್ರೇಕ್ ಉಳಿತಾಯ ಉಂಟು, ಆಯಿಲ್ ಬದಲಿಸುವುದು ಮಾತ್ರ ತಪ್ಪುವುದಿಲ್ಲ. ಇನ್ಶೂರೆನ್ಸ್ ಕೊಟೇಶನ್ನನ್ನು ಕಾರು ಬುಕ್ ಮಾಡುವ ಮೊದಲೇ ಮೂರಕ್ಕೂ ತರಿಸಿಕೊಳ್ಳಿ. ಇಂಧನದಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗಬಹುದು.